ಸಾವಕಾಶ ಉಣ್ಣಲು ಬಿಡುವ ಒಂದು ಖಾನಾವಳಿ: ಬಾಗಲಕೋಟೆಯ ನವನಗರದಲ್ಲಿ 3 ಊಟ

ಈ ಬೇಸಿಗೆಯಲ್ಲಿ ನಾವು 6 ಜನ ಗೆಳತಿಯರು ಒಂದೇ ಖಾನಾವಳಿಯಲ್ಲಿ 3 ಸಲ ಊಟ ಮಾಡಿದೆವು. ಹೋಳಿ ಮುಗಿದ ಮರುದಿನ ಒಮ್ಮೆ, ಬಸವ ಜಯಂತಿ ಆದ ವಾರ ಒಮ್ಮೆ, ವೈಶಾಖದ ಕೊನೆಗೆ ಬರುವ ಬಾದಾಮಿ ಅಮಾವಾಸ್ಯೆಯ ಮರುದಿನ ಮತ್ತೊಮ್ಮೆ. ಒಂದೇ ಸಲ ಹೋಗಿ ಬಂದು ಬರೆಯುವುದು ನನಗೆ ಸರಿ ಅನ್ನಿಸುವುದಿಲ್ಲ. ಅವತ್ತು ಪಲ್ಯ ಚೆನ್ನಾಗಿ ಆಗಿರಬಹುದು, ಅಥವಾ ಅವತ್ತೇ ಕೆಟ್ಟಿರಬಹುದು. 3 ಸಲ ಉಂಡ ಮೇಲೆ ಧೈರ್ಯವಾಗಿ ಹೇಳಬಹುದು.

ಹೆಸರು ಮಾತ್ರ ಹಾಕುತ್ತಿಲ್ಲ. ಖಾನಾವಳಿ ನಡೆಸುವ ಅಕ್ಕನೇ ಬೇಡ ಅಂದರು. "ಟೀಚರ್, ಹೆಸರ ಹಾಕಬ್ಯಾಡ್ರಿ, ಈಗ ಬರೋ ಮಂದಿಗೇ ರೊಟ್ಟಿ ಸಾಲವಲ್ವು" ಅಂದರು. ಅವರ ಮಾತಿಗೆ ಬೆಲೆ ಕೊಡಲೇಬೇಕು. ನವನಗರದ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ಹತ್ತಿರ. ಮುಂದೆ ಒಂದು ದೊಡ್ಡ ಬೇವಿನ ಮರ. ಮಧ್ಯಾಹ್ನ 12 ಆಗುತ್ತಿದ್ದಂತೆ ಆ ಮರದ ಕೆಳಗೆ ಆಟೋಗಳು ಸಾಲಾಗಿ ನಿಲ್ಲುತ್ತವೆ. ಊರು ಸುತ್ತುವ ಆಟೋದವರು ದಿನಾ ಎಲ್ಲಿ ಉಣ್ಣುತ್ತಾರೋ ಅಲ್ಲಿ ಕಣ್ಣು ಮುಚ್ಚಿ ಉಣ್ಣಬಹುದು ಅನ್ನುವುದು ನಮ್ಮ ಅಪ್ಪನ ಕಾಲದ ಲೆಕ್ಕ. ಇಲ್ಲಿಯೂ ಅದು ಸುಳ್ಳಾಗಲಿಲ್ಲ.

ನಾವು ಹೇಗೆ ಇಲ್ಲಿಗೆ ಬಂದೆವು ಅಂತ ಮೊದಲು ಹೇಳಬೇಕು. ನಾವು 6 ಜನ ಬಾಗಲಕೋಟೆಯಲ್ಲಿ ಪಿಯುಸಿ ಒಟ್ಟಿಗೆ ಓದಿದವರು. ಈಗ ಒಬ್ಬಳು ಪುಣೆಯಲ್ಲಿ, ಒಬ್ಬಳು ಧಾರವಾಡದಲ್ಲಿ, ಒಬ್ಬಳು ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸ, ಒಬ್ಬಳು ಇಳಕಲ್ಲಿನಲ್ಲಿ ಗಂಡನ ಮನೆಯ ಸೀರೆ ವ್ಯಾಪಾರ ನೋಡಿಕೊಳ್ಳುತ್ತಾಳೆ, ಇನ್ನೊಬ್ಬಳದು ಇಂಡಿ ಕಡೆ ನಿಂಬೆ ತೋಟ. ಊರಿನಲ್ಲೇ ಉಳಿದವಳು ನಾನು, ಹೈಸ್ಕೂಲ್ ಟೀಚರ್. ಎಷ್ಟೋ ವರ್ಷದಿಂದ ಫೋನಿನಲ್ಲೇ ಸ್ನೇಹ. ಈ ವರ್ಷ ಹೇಗಾದರೂ ಮಾಡಿ ಬೇಸಿಗೆಯಲ್ಲಿ ಸೇರುವುದು, ತಿರುಗುವುದು, ಹಾಡು ಕೇಳುವುದು ಅಂತ ಗಟ್ಟಿ ಮಾಡಿಕೊಂಡಿದ್ದೆವು.

ಮೊದಲನೇ ದಿನ ರಾತ್ರಿ ಊಟಕ್ಕೆ ದೊಡ್ಡ ರಸ್ತೆಯ ಒಂದು ಫ್ಯಾಮಿಲಿ ರೆಸ್ಟೋರೆಂಟಿಗೆ ಹೋದೆವು. ಎಸಿ ಇತ್ತು, ಸೋಫಾ ಇತ್ತು. ಊಟ ಮುಗಿಯುವ ಮೊದಲೇ ಬಿಲ್ ಬಂತು. ಇಂಡಿಯವಳು ತನ್ನ ಅತ್ತೆಗೆ ಕ್ಯಾನ್ಸರ್ ಇರುವುದು ಗೊತ್ತಾದ ದಿನದ ಬಗ್ಗೆ ಹೇಳುತ್ತಿದ್ದಳು. ಮಾತಿನ ನಡುವೆಯೇ ಹುಡುಗ ಬಂದು "ಮೇಡಂ, ಹೊರಗ ಮಂದಿ ನಿಂತಾರ್ರಿ" ಅಂದ. ಅವನದೇನೂ ತಪ್ಪಿಲ್ಲ, ಯಜಮಾನ ಕಳಿಸಿದ್ದ. ಆದರೆ ಅವಳು ಆ ಮಾತನ್ನು ಅಲ್ಲಿಗೇ ನಿಲ್ಲಿಸಿದಳು. ಮನೆಗೆ ಬಂದ ಮೇಲೂ ಮತ್ತೆ ಶುರು ಮಾಡಲಿಲ್ಲ. ನನಗೆ ಅವತ್ತು ರಾತ್ರಿ ನಿದ್ದೆ ಬರಲಿಲ್ಲ. 20 ವರ್ಷದ ಮೇಲೆ ಎದುರು ಕೂತ ಗೆಳತಿ, ಒಂದು ಟೇಬಲ್ ಖಾಲಿ ಮಾಡುವ ಅವಸರಕ್ಕೆ ಬಾಯಿ ಮುಚ್ಚಿಕೊಂಡಳಲ್ಲ ಅಂತ.

ಮರುದಿನ ಈ ಖಾನಾವಳಿಗೆ ಕರೆದುಕೊಂಡು ಹೋಗಿದ್ದು ನಾನೇ. ಶಾಲೆಯ ಸಹೋದ್ಯೋಗಿಗಳ ಜೊತೆ ಒಂದೆರಡು ಸಲ ಪಾರ್ಸೆಲ್ ತಂದಿದ್ದೆ, ಕೂತು ಉಂಡಿರಲಿಲ್ಲ. ಖಾನಾವಳಿ ಅಂದರೆ ನಮ್ಮ ಕಡೆ ಒಂದು ಪದ್ಧತಿ ಇದೆ. ಕೂತು, ಉಂಡು, ಕೈ ತೊಳೆದು ಎದ್ದುಬಿಡಬೇಕು. ಅಲ್ಲಿ ಹರಟೆ ಹೊಡೆಯುತ್ತ ಕೂರುವುದು ಯಾರಿಗೂ ಅಭ್ಯಾಸವಿಲ್ಲ. ಹಾಗಾಗಿ ಒಳಗೆ ಹೋಗುವಾಗಲೇ ಅಕ್ಕನಿಗೆ ಹೇಳಿದೆ, "ಅಕ್ಕಾರ, ನಾವು ಬಾಳ ದಿನದ ಮ್ಯಾಲ ಸೇರೇವಿ, ಸ್ವಲ್ಪ ಹೊತ್ತಾದರ ನಡೀತದೇನ್ರಿ?" ಅವರು ನಮ್ಮ ಆರೂ ಮುಖಗಳನ್ನು ಒಮ್ಮೆ ನೋಡಿದರು. ಹೋಳಿ ಬಣ್ಣ ಇನ್ನೂ ಯಾರಿಗೂ ಪೂರ್ತಿ ಹೋಗಿರಲಿಲ್ಲ. ಬೆಂಗಳೂರಿನವಳ ಕಿವಿ ಗುಲಾಬಿ, ನನ್ನ ಕೂದಲ ಬುಡದಲ್ಲಿ ಹಸಿರು. "ಒಳಗಿನ ಖೋಲಿಗೆ ಹೋಗ್ರಿ. 3 ಗಂಟೆ ಮ್ಯಾಲ ಯಾರೂ ಬರೂದಿಲ್ಲ. ಸಾವಕಾಶ ಉಣ್ರಿ" ಅಂದರು.

ಆ 'ಸಾವಕಾಶ' ಅನ್ನುವ ಮಾತಿಗೇ ನಾನು ಈ ಖಾನಾವಳಿಗೆ ಪೂರ್ತಿ ಅಂಕ ಕೊಡುತ್ತೇನೆ. ಊಟದ ವಿಷಯ ಆಮೇಲೆ.

ಅಂದು ನಾವು 1 ಗಂಟೆಗೆ ಕೂತವರು ಎದ್ದಾಗ ಸಂಜೆ 5 ಆಗಿತ್ತು. ಯಾರೂ ಬಂದು ಕೇಳಲಿಲ್ಲ. ನಡುವೆ 2 ಸಲ ಮಜ್ಜಿಗೆ ಬಂತು, ಅದಕ್ಕೆ ದುಡ್ಡು ಹಚ್ಚಲಿಲ್ಲ. ಇಂಡಿಯವಳು ಹಿಂದಿನ ರಾತ್ರಿ ಬಿಟ್ಟಲ್ಲಿಂದ ತಾನಾಗಿಯೇ ಶುರು ಮಾಡಿ ಪೂರ್ತಿ ಹೇಳಿದಳು.

ಈಗ ಊಟ. ಇಲ್ಲಿ ರೊಟ್ಟಿಯನ್ನು ಎದುರಿಗೇ ಬಡಿಯುತ್ತಾರೆ. ಒಳಗಿನ ಖೋಲಿಯ ಬಾಗಿಲಿನಿಂದ ಒಲೆ ನೇರ ಕಾಣುತ್ತದೆ. ಅಕ್ಕ ಮತ್ತು ಅವರ ತಂಗಿ, ಇಬ್ಬರೇ. ಹಿಟ್ಟಿನ ನಡುವೆ ಗುಂಡಿ ಮಾಡಿ ಕುದಿಯುವ ನೀರು ಹಾಕುತ್ತಾರೆ. ಜೋಳದ ಹಿಟ್ಟಿಗೆ ಗೋಧಿ ಹಿಟ್ಟಿನಂತೆ ತಾನಾಗಿ ಅಂಟು ಬರುವುದಿಲ್ಲ. ಬಿಸಿ ನೀರು ಬಿದ್ದರೇ ಅದು ಕೂಡಿಕೊಳ್ಳುವುದು. ಆಮೇಲೆ ಅಂಗೈಯ ಬುಡದಿಂದ ನಾದುತ್ತಾರೆ, ಮೈಯ ಭಾರವೆಲ್ಲ ಹಾಕಿ. ಉಂಡೆ ಮಾಡಿ, ಕೆಳಗೆ ಒಣ ಹಿಟ್ಟು ಉದುರಿಸಿ, ಒಂದು ಕೈಯಿಂದ ಬಡಿಯುತ್ತ ಇನ್ನೊಂದು ಕೈಯಿಂದ ಅಂಚು ಸರಿ ಮಾಡುತ್ತ ತಿರುಗಿಸುತ್ತಾರೆ. ನಾನು ಎಣಿಸಿದೆ, ಒಂದು ರೊಟ್ಟಿಗೆ ಸುಮಾರು 40 ಬಡಿತ. ಹಂಚಿಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾರೆ. ಆ ನೀರು ಆರುವ ಗಳಿಗೆಯಲ್ಲೇ ತಿರುವಬೇಕು. ಮೊದಲೇ ತಿರುವಿದರೆ ಹಂಚಿಗೆ ಹಿಡಿಯುತ್ತದೆ, ತಡವಾದರೆ ಬಿರಿಯುತ್ತದೆ. ಆಮೇಲೆ ಹಂಚಿನಿಂದ ಇಳಿಸಿ ಉರಿಗೆ ಒಡ್ಡಿದರೆ ಪೂರಿಯ ಹಾಗೆ ಉಬ್ಬುತ್ತದೆ. ಉಬ್ಬಿದ ರೊಟ್ಟಿ ತಟ್ಟೆಗೆ ಬಿದ್ದಾಗ ಮೇಲಿನ ಪದರ ಮುರಿದು ಒಳಗಿನ ಆವಿ ಮುಖಕ್ಕೆ ಬಡಿಯುತ್ತದಲ್ಲ, ಅದರಲ್ಲಿ ಹೊಸ ಹಿಟ್ಟಿನ ವಾಸನೆ ಇತ್ತು. ಹಿಟ್ಟು ಹಳೆಯದಾದರೆ ಸ್ವಲ್ಪ ಕಹಿ ಬರುತ್ತದೆ, ಬಡಿಯುವಾಗ ಅಂಚೂ ಬಿರಿಯುತ್ತದೆ. ಇಲ್ಲಿ 3 ಸಲದಲ್ಲಿ ಒಮ್ಮೆಯೂ ಹಾಗಾಗಲಿಲ್ಲ. ಕೇಳಿದರೆ, ಎರಡು ದಿನಕ್ಕೊಮ್ಮೆ ಬೀಸಿಸುತ್ತಾರಂತೆ.

ಪುಣೆಯವಳು ಮೊದಲ ರೊಟ್ಟಿಗೆ ಬೆಣ್ಣೆ ಹಚ್ಚಿ, ಕೆಂಪು ಖಾರ ಸವರಿ, ಸುಮ್ನೆ ಸುರುಳಿ ಸುತ್ತಿ ತಿಂದಳು. ಪಲ್ಯ ಮುಟ್ಟಲೇ ಇಲ್ಲ. ಅವಳಿಗೆ ಅಲ್ಲಿ ಭಾಕರಿ ಸಿಗುತ್ತದೆ. "ಸಿಗ್ತದವ್ವಾ, ಆದರ ಇಷ್ಟ ತೆಳ್ಳಗ ಇರೂದಿಲ್ಲ" ಅಂದಳು.

100 ರೂಪಾಯಿ ಊಟ. ರೊಟ್ಟಿ ಎಷ್ಟು ಬೇಕಾದರೂ. ದಿನಾ 2 ಪಲ್ಯ, ಒಂದು ಕಾಳಿನದು, ಒಂದು ಕಾಯಿಪಲ್ಯೆ. ಜೊತೆಗೆ ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ, ಗಟ್ಟಿ ಮೊಸರು, ಹಸಿ ಉಳ್ಳಾಗಡ್ಡಿ, ಸವತೆಕಾಯಿ, ಒಂದೊಂದು ದಿನ ಹಸಿ ಮೆಂತ್ಯೆ ಸೊಪ್ಪು. ಕೊನೆಗೆ ಅನ್ನ ಸಾರು. ನಾವು ಹೋದ ಮೊದಲ ದಿನ ಮಡಕಿ ಕಾಳು ಮತ್ತು ಎಣ್ಣೆ ಬದನೆಕಾಯಿ. ಬದನೆಕಾಯಿ ಸಣ್ಣವು, ತೊಟ್ಟು ಹಾಗೇ ಬಿಟ್ಟು ನಾಲ್ಕು ಸೀಳು ಮಾಡಿದ್ದರು. ಮಸಾಲೆಯಲ್ಲಿ ಶೇಂಗಾ, ಎಳ್ಳು, ಒಣಕೊಬ್ಬರಿ, ಒಂಚೂರು ಬೆಲ್ಲ, ಹುಣಸೆ. ಎಣ್ಣೆ ಮೇಲೆ ತೇಲುತ್ತಿತ್ತು, ಆದರೆ ಬಾಯಿಗೆ ಜಿಡ್ಡು ಅನಿಸಲಿಲ್ಲ. ಎರಡನೇ ಸಲ ಝುಣಕ, ಅಂದರೆ ಕಡಲೆಹಿಟ್ಟಿನ ಪಲ್ಯ, ಇತ್ತು. ಅದು ನನಗೆ ಅಷ್ಟು ಹಿಡಿಸಲಿಲ್ಲ, ಒಣಗಿತ್ತು, ಸ್ವಲ್ಪ ಒಗ್ಗರಣೆ ಜಾಸ್ತಿ ಬೇಕಿತ್ತು. ಅಕ್ಕನಿಗೇ ಹೇಳಿದೆ. "ಖರೇನ್ರಿ, ಇವತ್ತ ಆಗಿಲ್ಲದು" ಅಂತ ಒಪ್ಪಿಕೊಂಡು ಎಲ್ಲರ ತಟ್ಟೆಗೂ ಇನ್ನಷ್ಟು ಮೊಸರು ಹಾಕಿದರು. ಸಾರು ಮಾತ್ರ ಮೂರೂ ಸಲ ತಣ್ಣಗಿತ್ತು. ಅದನ್ನು ಸರಿ ಮಾಡಿಕೊಳ್ಳಬೇಕು.

ಎರಡನೇ ಸಲ ಹೋಗಿದ್ದು ನಮ್ಮ ತಿರುಗಾಟ ಎಲ್ಲ ಒಂದು ಸುತ್ತು ಮುಗಿದ ಮೇಲೆ. ಇಲ್ಲಿ ಒಂದು ವಿಷಯ ಹೇಳಬೇಕು. ನಾವು ಆರೂ ಜನ ಎಲ್ಲ ಕಡೆಗೂ ಒಟ್ಟಿಗೆ ಹೋಗಲು ಆಗಲಿಲ್ಲ. ಒಬ್ಬರಿಗೆ ರಜೆ ಇದ್ದರೆ ಇನ್ನೊಬ್ಬರಿಗೆ ಇಲ್ಲ. ಬಾದಾಮಿಗೆ 4 ಜನ, ವಿಜಯಪುರಕ್ಕೆ 3, ಬೆಳಗಾವಿಯ ಗಾಯನಕ್ಕೆ ಇಬ್ಬರೇ. ಹಾಗಾಗಿ ಈ ಬೇಸಿಗೆ ಪೂರ್ತಿಯಾಗಿ ಯಾರೊಬ್ಬರ ಹತ್ತಿರವೂ ಇರಲಿಲ್ಲ. ಒಬ್ಬೊಬ್ಬರ ಹತ್ತಿರ ಒಂದೊಂದು ತುಂಡು. ಅವನ್ನೆಲ್ಲ ತಂದು ಕೂಡಿಸಿದ್ದು ಈ ಖಾನಾವಳಿಯ ಒಳಗಿನ ಖೋಲಿಯಲ್ಲಿ, ರೊಟ್ಟಿ ಮುರಿಯುತ್ತ.

ಧಾರವಾಡದವಳು ಮಗಳನ್ನು ಕರೆದುಕೊಂಡು ಬಾದಾಮಿಗೆ ಬಂದಿದ್ದಳು. ಹುಡುಗಿ ಭರತನಾಟ್ಯ ಕಲಿಯುತ್ತಾಳೆ. ಮೊದಲನೇ ಗುಹೆಯ ಹೊರಗೆ ಬಲಗಡೆ ಇರುವ ನಟರಾಜನಿಗೆ 18 ಕೈ. ಆ ಹುಡುಗಿ ಅದರ ಮುಂದೆ ನಿಂತು ಒಂದೊಂದು ಕೈಯ ಮುದ್ರೆಯನ್ನೂ ತಾನು ಹಿಡಿದು ನೋಡುತ್ತ ಅರ್ಧ ಗಂಟೆ ಕಳೆದಳು. ಬಿಸಿಲು ಏರುವ ಮೊದಲೇ ಹೋಗಿದ್ದಕ್ಕೆ ಅದು ಸಾಧ್ಯವಾಯಿತು. 9 ಗಂಟೆ ದಾಟಿದರೆ ಕೆಂಪು ಕಲ್ಲು ಕಾಯಲು ಶುರು, ಕಾಲಿಡಲು ಆಗುವುದಿಲ್ಲ. ಮೂರನೇ ಗುಹೆಯಲ್ಲಿ ಚಾಲುಕ್ಯರ ಮಂಗಳೇಶನ ಶಾಸನ ಇದೆ, ಕ್ರಿ.ಶ. 578ರದು. ನಾನು ಪ್ರತಿವರ್ಷ ಮಕ್ಕಳನ್ನು ಕರೆದುಕೊಂಡು ಹೋಗಿ ಅದನ್ನೇ ತೋರಿಸುತ್ತೇನೆ, ಆದರೆ ಗೆಳತಿಯರ ಜೊತೆ ಅಲ್ಲಿ ಸುಮ್ಮನೆ ಕಂಬಕ್ಕೆ ಒರಗಿ ಅಗಸ್ತ್ಯ ತೀರ್ಥ ನೋಡುತ್ತ ಕೂತಿದ್ದು ಇದೇ ಮೊದಲು. ಅಲ್ಲಿಂದ ಮಹಾಕೂಟಕ್ಕೆ. ಬೇಸಿಗೆಯಲ್ಲಿ ಬಾದಾಮಿ ಕಡೆ ಹೋಗುವವರು ಮಹಾಕೂಟದ ಹೊಂಡ ಬಿಡಬೇಡಿ. ನೆಲದಿಂದ ಉಕ್ಕುವ ಊಟೆ ನೀರು, ತಣ್ಣಗೆ ಇರುತ್ತದೆ. ನಡುವೆ ನಾಲ್ಕು ಮುಖದ ಲಿಂಗ. ಇಳಕಲ್ಲಿನವಳು ಸೀರೆಯಲ್ಲೇ ಇಳಿದು ಮುಳುಗಿ ಎದ್ದಳು.

ವಿಜಯಪುರಕ್ಕೆ ನಾನು ಹೋಗಿರಲಿಲ್ಲ. ಬೆಂಗಳೂರಿನವಳು, ಪುಣೆಯವಳು, ಇಂಡಿಯವಳು ಹೋಗಿ ಬಂದರು. ಹೋದವರು ಹೇಳಿದ್ದನ್ನೇ ಬರೆಯುತ್ತೇನೆ. ಗೋಳಗುಮ್ಮಟಕ್ಕೆ ಬೆಳಿಗ್ಗೆ ಬೇಗ ಹೋಗಿ, ಮೂಲೆಯ ಗೋಪುರದ 7 ಅಂತಸ್ತಿನ ಮೆಟ್ಟಿಲು ಹತ್ತಿ, ಪಿಸುಗುಟ್ಟುವ ಗ್ಯಾಲರಿಯಲ್ಲಿ ಒಬ್ಬಳು ಈ ಕಡೆ, ಒಬ್ಬಳು ಎದುರು ಕಡೆ ಕೂತರಂತೆ. ಗುಮ್ಮಟದ ಹೊರಗಿನ ವ್ಯಾಸ ಸುಮಾರು 44 ಮೀಟರ್. ಒಳಗೆ ಈ ತುದಿಯಿಂದ ಗೋಡೆಗೆ ಬಾಯಿ ಹಚ್ಚಿ ಪುಣೆಯವಳು ಮೆಲ್ಲಗೆ ಕಾಲೇಜಿನ ಅಡ್ಡಹೆಸರು ಕರೆದಳಂತೆ. ಆ ಹೆಸರನ್ನು ಇಲ್ಲಿ ಬರೆಯುವಂತಿಲ್ಲ. ಎದುರು ಕೂತವಳಿಗೆ ಕಿವಿಯ ಹತ್ತಿರವೇ ಕರೆದಂತೆ ಕೇಳಿಸಿತಂತೆ. ಇದನ್ನು ಹೇಳುವಾಗ ಇಬ್ಬರೂ ಖಾನಾವಳಿಯ ಖೋಲಿಯಲ್ಲಿ ಎದುರು ಬದರು ಗೋಡೆಗೆ ಹೋಗಿ ಕೂತು ತೋರಿಸಿದರು. ಎದ್ದು ಗೋಡೆಗೆ ಬಾಯಿ ಹಚ್ಚಿದ್ದನ್ನು ನೋಡಿ ಅಕ್ಕನ ತಂಗಿ ಏನಾಯಿತೋ ಅಂತ ಓಡಿ ಬಂದರು.

ಅದೇ ಪ್ರಯಾಣದಲ್ಲಿ ಇಂಡಿಯವಳು ಅವರನ್ನು ನವರಸಪುರಕ್ಕೆ ಕರೆದುಕೊಂಡು ಹೋಗಿದ್ದಳು, ತೊರವಿ ಹತ್ತಿರ. ಬಾಗಲಕೋಟೆಯ ನಮಗೇ ಎಷ್ಟು ಜನಕ್ಕೆ ಗೊತ್ತು? ವಿಜಯಪುರದ ಸುಲ್ತಾನ 2ನೇ ಇಬ್ರಾಹಿಂ ಆದಿಲ್‌ಶಾಹ ಸಂಗೀತಗಾರರಿಗೆಂದು ಒಂದು ಊರನ್ನೇ ಕಟ್ಟಿಸಲು ಹೊರಟಿದ್ದ. ತಾನೇ ಹಾಡು ಬರೆಯುತ್ತಿದ್ದ, ಸರಸ್ವತಿಯನ್ನು ನೆನೆದು ಬರೆದಿದ್ದಾನೆ. ಈಗ ಅಲ್ಲಿ ಸಂಗೀತ ಮಹಲಿನ ಕಮಾನುಗಳು ಉಳಿದಿವೆ. ಅಲ್ಲಿ ನಿಂತು ಯಾರಾದರೂ ಹಾಡುತ್ತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು ಅಂತ ಬೆಂಗಳೂರಿನವಳು ಮತ್ತೆ ಮತ್ತೆ ಹೇಳಿದಳು.

ಹಾಡಿನ ಮಾತು ಬಂದ ಮೇಲೆ ಬೆಳಗಾವಿಯದು. ಧಾರವಾಡದವಳೂ ನಾನೂ ಏಪ್ರಿಲ್‌ನಲ್ಲಿ ಒಂದು ಬೈಠಕ್ಕಿಗೆ ಹೋಗಿದ್ದೆವು. ದೊಡ್ಡ ಸಭಾಂಗಣ ಅಲ್ಲ, ಒಬ್ಬರ ಮನೆಯ ಮಾಳಿಗೆ, ಜಮಖಾನೆ ಹಾಸಿ 50-60 ಜನ. ಬೆಳಗಾವಿಯಲ್ಲಿ ಸಂಜೆಯಾದರೆ ಬಾಗಲಕೋಟೆಯ ಬಿಸಿಲು ಮರೆತುಹೋಗುವಷ್ಟು ಗಾಳಿ. ಹಾಡಿದವರು ನಿರ್ಗುಣಿ ಭಜನ ತೆಗೆದುಕೊಂಡಾಗ ಪಕ್ಕದ ಅಜ್ಜ ಒಬ್ಬರು ಕಣ್ಣೊರೆಸಿಕೊಂಡು ಹೇಳಿದರು, "ಇಲ್ಲೇ ಸುಳೇಭಾವಿಯಾಗ ಹುಟ್ಟಿದ ಹುಡುಗರೀ ಅಂವ." ಹಿಂದುಸ್ತಾನಿ ಗಾಯಕ ಕುಮಾರ ಗಂಧರ್ವರ ಬಗ್ಗೆ ಆಡಿದ ಮಾತು ಅದು. 1924ರಲ್ಲಿ ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ ಹುಟ್ಟಿದರು. ಕ್ಷಯ ಬಂದು ಶ್ವಾಸಕೋಶ ಕೆಟ್ಟು, ವರ್ಷಗಟ್ಟಲೆ ಹಾಡುವುದನ್ನೇ ನಿಲ್ಲಿಸಿ ಮಧ್ಯಪ್ರದೇಶದ ದೇವಾಸದಲ್ಲಿ ಮಲಗಿದ್ದು, ಆಮೇಲೆ ಎದ್ದು ತಮ್ಮದೇ ದಾರಿಯಲ್ಲಿ ಹಾಡಿದರು. ಧಾರವಾಡದವಳು ಮದುವೆಗೆ ಮುಂಚೆ 8 ವರ್ಷ ಸಂಗೀತ ಕಲಿತವಳು. ಬಸ್ಸಿನಲ್ಲಿ ವಾಪಸ್ ಬರುವಾಗ ಪೂರ್ತಿ ಸುಮ್ಮನಿದ್ದಳು. ಖಾನಾವಳಿಯಲ್ಲಿ ಎಲ್ಲರ ಮುಂದೆ ಹೇಳಿದಳು, ಊರಿಗೆ ಹೋದ ವಾರವೇ ಅಟ್ಟದ ಮೇಲಿದ್ದ ತಂಬೂರಿ ಇಳಿಸಿ ತಂತಿ ಹಾಕಿಸಿದಳಂತೆ. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಇಳಕಲ್ಲಿನವಳು ತನ್ನ ತಟ್ಟೆಯ ಶೀಕರಣೆ ಬಟ್ಟಲನ್ನು ಅವಳ ಕಡೆ ತಳ್ಳಿದಳು.

ಶೀಕರಣೆ ಮಾವಿನ ಹಣ್ಣು ಇರುವ ತನಕ ಮಾತ್ರ ಸಿಗುತ್ತದೆ, 30 ರೂಪಾಯಿ ಬೇರೆ. ಹಣ್ಣು ಹಿಂಡಿ ಹಾಲು, ಬೆಲ್ಲ, ಏಲಕ್ಕಿ, ಅಷ್ಟೇ. ಡಬ್ಬಿಯ ರಸ ಹಾಕುವುದಿಲ್ಲ, ನಾರು ನಾಲಿಗೆಗೆ ಸಿಗುತ್ತದೆ. ಚಪಾತಿ ಬೇಕೆಂದರೆ ಹೋದ ಕೂಡಲೇ ಹೇಳಬೇಕು.

ಲೋಕಾಪುರ ಕಡೆ ರಾತ್ರಿಯಿಡೀ ನಡೆಯುವ ಶ್ರೀಕೃಷ್ಣ ಪಾರಿಜಾತದ ಬಯಲಾಟಕ್ಕೆ ಹೋಗಿದ್ದನ್ನೂ ಬರೆಯಬೇಕು ಅಂದುಕೊಂಡಿದ್ದೆ. ಉದ್ದ ಆಗುತ್ತದೆ. ಇಷ್ಟು ಹೇಳುತ್ತೇನೆ. ಬೆಳಗಿನ ಜಾವ 4ಕ್ಕೆ ಸತ್ಯಭಾಮೆ ಮತ್ತು ದೂತಿ ಮಾತಿಗೆ ಮಾತು ಕೊಡುವಾಗ ಬಯಲಿನಲ್ಲಿ ಒಬ್ಬರೂ ಮಲಗಿರಲಿಲ್ಲ, ಹಾರ್ಮೋನಿಯಂ ನುಡಿಸುವವರ ಬೆರಳಿಗೆ ಮಾತ್ರ ಒಮ್ಮೆ ಸಹ ವಿಶ್ರಾಂತಿ ಸಿಗಲಿಲ್ಲ.

ಈ ಎಲ್ಲದಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದಿದ್ದು ಆ ಎರಡನೇ ಊಟದ ಕೊನೆಯ ಒಂದು ತಾಸು. ಬಾಗಲಕೋಟೆಯವರಿಗೆ ಹೇಳಬೇಕಿಲ್ಲ, ಹೊರಗಿನವರಿಗಾಗಿ ಹೇಳುತ್ತೇನೆ. ಆಲಮಟ್ಟಿಯಲ್ಲಿ ಕೃಷ್ಣೆಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರು ಘಟಪ್ರಭೆಯ ಮೇಲೆ ನಮ್ಮ ಹಳೇ ಊರಿಗೂ ಬಂತು. ಊರಿನ ಎಷ್ಟೋ ಓಣಿಗಳು ಹೋದವು. ಜನರಿಗೆಂದೇ ಈ ನವನಗರ ಕಟ್ಟಿದರು, ಸೆಕ್ಟರ್ ನಂಬರಿನ ಊರು. ನಮ್ಮಲ್ಲಿ ಇಬ್ಬರ ತವರುಮನೆ ನೀರಿನಲ್ಲಿ ಹೋಗಿದೆ, ಪುಣೆಯವಳದು ಮತ್ತು ಬೆಂಗಳೂರಿನವಳದು. ಮೇ ತಿಂಗಳಲ್ಲಿ ಹಿನ್ನೀರು ಇಳಿದಿರುತ್ತದೆ. ಹಿಂದಿನ ಸಂಜೆ ಇಬ್ಬರೂ ಹೋಗಿ ನೋಡಿ ಬಂದಿದ್ದರು. ಒಣಗಿ ಬಿರಿದ ಕೆಸರು, ನಡುವೆ ಅಡಿಪಾಯದ ಕಲ್ಲುಗಳ ಸಾಲು. ಯಾವ ಸಾಲು ಯಾರ ಮನೆ ಅಂತ ಇಬ್ಬರಿಗೂ ಹೊಂದಿಕೆ ಆಗಲಿಲ್ಲ.

ಪುಣೆಯವಳು ಖಾಲಿ ತಟ್ಟೆ ಪಕ್ಕಕ್ಕೆ ಸರಿಸಿ ಟೇಬಲ್ ಮೇಲೆ ಬಟ್ಟಲು ಜೋಡಿಸಲು ಶುರು ಮಾಡಿದಳು. ಶೇಂಗಾ ಹಿಂಡಿಯ ಬಟ್ಟಲು ಹಿಟ್ಟಿನ ಗಿರಣಿ. ಗುರೆಳ್ಳಿನದು ಕಿರಾಣಿ ಅಂಗಡಿ. ನೀರಿನ ಲೋಟ ಬೋರಿಂಗು. ನಡುವೆ ಬೆರಳಿನಿಂದ ಮಜ್ಜಿಗೆಯ ಗೆರೆ, ಅದು ಓಣಿ. "ನಮ್ಮನಿ ಇಲ್ಲಿ" ಅಂತ ಒಂದು ಉಳ್ಳಾಗಡ್ಡಿ ಹೋಳು ಇಟ್ಟಳು. "ಅಲ್ಲಲೇ, ನಿಮ್ಮನಿ ಗಿರಣಿ ದಾಟಿದ ಮ್ಯಾಲ" ಅಂತ ಬೆಂಗಳೂರಿನವಳು ಹೋಳನ್ನು ಸರಿಸಿದಳು. ವಾದ ನಡೆಯಿತು. ಆಗ ಅಕ್ಕ ರೊಟ್ಟಿ ಬುಟ್ಟಿ ಹಿಡಿದು ಬಂದರು, ನಿಂತು ನೋಡಿದರು. ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಬುಟ್ಟಿ ಕೆಳಗಿಟ್ಟು, ಲೋಟವನ್ನು ಎತ್ತಿ ಇನ್ನೊಂದು ಕಡೆ ಇಟ್ಟರು. "ಬೋರಿಂಗ್ ಈ ಕಡೆ ಇತ್ರಿ. ನಾ ದಿನಾ ಕೊಡ ಹೊತ್ತೀನಿ ಅಲ್ಲಿಂದ" ಅಂದರು. ಅವರದೂ ಅದೇ ಓಣಿ! ಲೋಟ ಸರಿಯಾದ ಜಾಗಕ್ಕೆ ಬಂದ ಮೇಲೆ ಉಳ್ಳಾಗಡ್ಡಿ ಹೋಳು ಎಲ್ಲಿರಬೇಕು ಅನ್ನುವುದಕ್ಕೆ ಮತ್ತೆ ಜಗಳ ಬರಲಿಲ್ಲ.

ಆ ದಿನದಿಂದ ಪುಣೆಯವಳು ಅವರನ್ನು ಹೆಸರು ಹಿಡಿದು, 'ಅಕ್ಕಾ' ಹಚ್ಚಿ ಕರೆಯುತ್ತಾಳೆ.

ಈಗ ಕೊರತೆಗಳನ್ನೂ ಹೇಳಿಬಿಡುತ್ತೇನೆ, ಹೋಗುವವರಿಗೆ ಗೊತ್ತಿರಲಿ. ಎಸಿ ಇಲ್ಲ. ಒಂದು ಕೂಲರ್ ಇದೆ, ಅದು ಒಳಗಿನ ಖೋಲಿಗೆ ಗಾಳಿ ಕಳಿಸುವುದಕ್ಕಿಂತ ಸದ್ದು ಕಳಿಸುವುದೇ ಜಾಸ್ತಿ. ಏಪ್ರಿಲ್-ಮೇನಲ್ಲಿ ನಮ್ಮ ಕಡೆ ಬಿಸಿಲು 40 ಡಿಗ್ರಿ ದಾಟುತ್ತದೆ, ಪಕ್ಕದಲ್ಲೇ ಒಲೆ ಬೇರೆ. ಬೆವರುತ್ತೀರಿ. ಬಾಗಿಲಲ್ಲಿ ಎತ್ತರದ 2 ಮೆಟ್ಟಿಲು ಇವೆ, ಹಿಡಿದುಕೊಳ್ಳಲು ಏನೂ ಇಲ್ಲ. ಮಂಡಿ ನೋವಿನವರು, ವಯಸ್ಸಾದವರು ಜೊತೆಗಿದ್ದರೆ ಕೈ ಹಿಡಿಯಬೇಕು. 1 ರಿಂದ 2 ಗಂಟೆ ಹೊತ್ತಿಗೆ ಹೋದರೆ ಹೊರಗಿನ ಹಾಲಿನಲ್ಲಿ ಜಾಗ ಸಿಗುವುದು ಕಷ್ಟ, ಒಳಗಿನ ಖೋಲಿ ಅಂತೂ ಮೊದಲೇ ಫೋನ್ ಮಾಡಿದವರಿಗೆ. ಗುಂಪಾಗಿ ಹೋಗುವವರು 2 ಗಂಟೆ ದಾಟಿಸಿ ಹೋಗುವುದು ಒಳ್ಳೆಯದು. ರಾತ್ರಿ 8 ರಿಂದ 10ರ ತನಕ ಇರುತ್ತದೆ, ಆದರೆ ರಾತ್ರಿ ಒಂದೇ ಪಲ್ಯ.

ಹೆಂಗಸರ ಗುಂಪಾಗಿ ಹೋಗುವವರಿಗೆ ಮುಖ್ಯವಾದದ್ದು ಬಚ್ಚಲು ಮನೆ. ಮೊದಲ ಸಲ ಹೋದಾಗ ಬಾಗಿಲಿಗೆ ಚಿಲಕ ಇರಲಿಲ್ಲ. ಒಬ್ಬರು ಒಳಗೆ ಹೋದರೆ ಇನ್ನೊಬ್ಬರು ಹೊರಗೆ ನಿಲ್ಲಬೇಕಿತ್ತು. ನಾನು ಎದ್ದು ಬರುವಾಗ ಮೆಲ್ಲಗೆ ಹೇಳಿದೆ. ಎರಡನೇ ಸಲ ಹೋದಾಗ ಹೊಸ ಚಿಲಕ, ಒಳಗೆ ಬಕೆಟ್, ಮಗ್, ಮೊಳೆಗೆ ನೇತು ಹಾಕಿದ ಒಂದು ಸೋಪು. ಅಕ್ಕ ತಾವೇ ಕರೆದು ತೋರಿಸಿದರು. ಎಷ್ಟೋ ದೊಡ್ಡ ಹೋಟೆಲುಗಳಲ್ಲಿ ಬರೆದುಕೊಟ್ಟರೂ ಆಗದ ಕೆಲಸ ಇದು.

ಮೂರನೇ ಊಟ ಆಗುವುದೇ ಇಲ್ಲವೇನೋ ಅನ್ನುವ ಪರಿಸ್ಥಿತಿ ಬಂದಿತ್ತು. ರಜೆ ಮುಗಿಯುತ್ತ ಬಂತು, ಶಾಲೆ ಶುರುವಾಗುವ ಮುಂಚಿನ ವಾರ, ಪುಣೆಯವಳದು ಅವತ್ತು ರಾತ್ರಿಯೇ ಬಸ್ಸು. ಎಲ್ಲರೂ ಬಂದು ನಿಂತರೆ ಬಾಗಿಲಿಗೆ ಕೀಲಿ. ಬೇವಿನ ಮರದ ಕೆಳಗೆ ಒಂದೂ ಆಟೋ ಇಲ್ಲ. ಬಾದಾಮಿ ಅಮಾವಾಸ್ಯೆ ಅನ್ನುವುದು ಆಗ ನೆನಪಾಯಿತು. ಅಮಾವಾಸ್ಯೆಗೆ ಅವರು ಖಾನಾವಳಿ ತೆಗೆಯುವುದಿಲ್ಲ. ಬಿಸಿಲಲ್ಲಿ ನಿಂತಿದ್ದ ನಮ್ಮನ್ನು ಹಿಂದಿನ ಮನೆಯ ಕಿಟಕಿಯಿಂದ ನೋಡಿ ಅಕ್ಕ ಹೊರಗೆ ಬಂದರು, ಕೈಗೆಲ್ಲ ಕಣಕದ ಹಿಟ್ಟು. ಒಳಗೆ ಕರೆದು ಮಡಿಕೆಯ ನೀರು, ಬೆಲ್ಲ ಕೊಟ್ಟರು. ಪೂಜೆ ಆಗಿರಲಿಲ್ಲ. "ನಾಳೆ ಬರ್ರಿ, ಹೋಳಿಗಿ ಎತ್ತಿಟ್ಟಿರ್ತೀನಿ" ಅಂದರು.

ಪುಣೆಯವಳು ಅಲ್ಲೇ ನಿಂತು ಫೋನ್ ತೆಗೆದು ಬಸ್ಸಿನ ಟಿಕೆಟ್ ಒಂದು ದಿನ ಮುಂದಕ್ಕೆ ಹಾಕಿಸಿದಳು.

ಮರುದಿನ ಹೋಳಿಗೆ ಎತ್ತಿಟ್ಟಿದ್ದರು, ತಲೆಗೆ ಒಂದರಂತೆ ಎಣಿಸಿ 6. ಹಿಂದಿನ ದಿನದ ಹೋಳಿಗೆ, ಹಂಚಿನ ಮೇಲೆ ತುಪ್ಪ ಹಾಕಿ ಮತ್ತೆ ಬಿಸಿ ಮಾಡಿದ್ದರು. ಅಂಚು ಗರಿಗರಿ, ನಡುವೆ ಮೆತ್ತಗೆ. ಜೊತೆಗೆ ಹೂರಣದ ಕಟ್ಟಿನಿಂದ ಮಾಡಿದ ಸಾರು, ಅದೂ ಒಂದು ದಿನ ಹಳೆಯದು, ಹಾಗಾಗಿಯೇ ರುಚಿ ಹೆಚ್ಚಿತ್ತು. ಇದು ಊಟದ ಪಟ್ಟಿಯಲ್ಲಿ ಇರುವ ತಿನಿಸಲ್ಲ. ನೀವು ಹೋದಾಗ ಸಿಗುತ್ತದೆ ಅಂತ ನಾನು ಹೇಳಲಾರೆ. ಅವತ್ತು ಮಾತು ಕಡಿಮೆ ಇತ್ತು. ಎಲ್ಲರ ಫೋನಿನ ಫೋಟೋಗಳನ್ನು ಎಲ್ಲರೂ ಹಂಚಿಕೊಂಡೆವು. ಕೈಗೆ ತುಪ್ಪ ಹತ್ತಿದ್ದಕ್ಕೆ ಫೋನಿನ ಗಾಜೆಲ್ಲ ಮಸುಕು. ಇಂಡಿಯವಳು ತೋಟದಿಂದ ಒಂದು ಚೀಲ ನಿಂಬೆ ತಂದಿದ್ದಳು, ಅರ್ಧ ನಮಗೆ ಹಂಚಿ ಅರ್ಧ ಅಕ್ಕನಿಗೆ ಕೊಟ್ಟಳು. ಉಪ್ಪಿನಕಾಯಿ ಹಾಕುತ್ತೇನೆ, ದೀಪಾವಳಿಗೆ ಬಂದಾಗ ಆಗಿರುತ್ತದೆ ಅಂತ ಅಕ್ಕ ಹೇಳಿದರು.

ಪಾರ್ಸೆಲ್ ಬಗ್ಗೆ ಒಂದು ಮಾತು. ಖಡಕ್ ರೊಟ್ಟಿ 10ಕ್ಕೆ 80 ರೂಪಾಯಿ, ಶೇಂಗಾ ಹಿಂಡಿ ಕಾಲು ಕೆಜಿಗೆ 80. ಹಿಂದಿನ ದಿನವೇ ಹೇಳಿಡಬೇಕು. ರೊಟ್ಟಿಯನ್ನು ಹಳೇ ಪೇಪರಿನಲ್ಲಿ ಸುತ್ತಿ, ಮೇಲೆ ಅರಿವೆ ಕಟ್ಟಿ ಕೊಡುತ್ತಾರೆ. ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಸಿಕೊಳ್ಳಬೇಡಿ, ಬೆವತು ಮೆತ್ತಗಾಗುತ್ತವೆ. ಪುಣೆಯವಳು 40 ರೊಟ್ಟಿ ಒಯ್ದಳು. ಬಸ್ಸಿನಲ್ಲಿ ಮೇಲಿನ ಕಟ್ಟೆಗೆ ಇಡಲು ಮನಸ್ಸಾಗದೆ ರಾತ್ರಿಯೆಲ್ಲ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳಂತೆ. ಬೆಳಿಗ್ಗೆ ಮನೆ ಮುಟ್ಟಿ ಫೋಟೋ ಕಳಿಸಿದಳು. 2 ಮಾತ್ರ ಮುರಿದಿದ್ದವು.